ಗುರುವಾರದ ಮೇಜು, ಭಾವನ ಬಾಯಿ

ನಮ್ಮ ಊರಿನಲ್ಲಿ ಯಾರೂ ಯಾರನ್ನೂ ಹೊಗಳುವುದಿಲ್ಲ. ಬೈಯದೆ ಬಿಟ್ಟರೆ ಅದೇ ಹೊಗಳಿಕೆ. ಜರ್ಮನಿಯ ಶ್ವಾಬಿಯಾ ಸೀಮೆಯ ಜನ ಅಂದರೆ ಹಾಗೇ. ಊಟ ಮುಗಿಸಿ ಎದ್ದವನು ‘ತಿನ್ನೋ ಹಾಗಿತ್ತು’ ಎಂದರೆ ಅಡುಗೆ ಮಾಡಿದವಳು ಒಳಗೆ ಹೋಗಿ ಸಂತೋಷಕ್ಕೆ ಕಣ್ಣೊರೆಸಿಕೊಳ್ಳುತ್ತಾಳೆ. ಈ ಪದ್ಧತಿಯಿಂದ ನಮ್ಮ ಊರಾದ ಊಂಟರ್‌ಬಾಖಿನಲ್ಲಿ ತಲೆತಲಾಂತರದಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಆದದ್ದು ನನ್ನ ಭಾವ ಎರ್ವಿನ್ ನೇಗೆಲೆ ಬೈಯುವುದನ್ನು ನಿಲ್ಲಿಸಿದಾಗ.

ಭಾವ ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. ಅವರ ಕಾರಿನಲ್ಲಿ ಸ್ಟೀರಿಂಗು ಕಲಿಯುವವರ ಕೈಯಲ್ಲಿದ್ದರೂ ಇನ್ನೊಂದು ಬ್ರೇಕು ಇವರ ಕಾಲಡಿಗೂ ಇರುತ್ತದೆ. ಜೀವಮಾನವೆಲ್ಲ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ಕಾರು ಓಡಿಸಿದ ಮನುಷ್ಯನಿಗೆ ಇಡೀ ಪ್ರಪಂಚವೇ ಕಲಿಯುವವರ ಸೀಟಿನಲ್ಲಿ ಕೂತಂತೆ ಕಂಡರೆ ತಪ್ಪೇನಿಲ್ಲ. ನನ್ನ ಅಕ್ಕ ರೋಸ್ವಿತಾ ಆಲೂಗಡ್ಡೆ ಹೆಚ್ಚುವಾಗ ಚಾಕು ಯಾವ ಕಡೆಯಿಂದ ಬರಬೇಕೆಂದು ಹೇಳಿಕೊಡುತ್ತಾರೆ. ಪಾದ್ರಿಗೆ ಪ್ರಾರ್ಥನೆಯಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಹೇಳುತ್ತಾರೆ. ನನ್ನ ಮದುವೆಯಲ್ಲಿ ನಾನು ‘ಒಪ್ಪಿದ್ದೇನೆ’ ಎನ್ನುವ ಮೊದಲು ಹಿಂದಿನ ಬೆಂಚಿನಿಂದ ‘ಈಗ, ಈಗ’ ಎಂದವರೂ ಅವರೇ.

ಇಂಥವರು ನಮ್ಮ ‘ಗುರುವಾರದ ಮೇಜು’ ಸಂಘದ ಸದಸ್ಯರು. ನಮ್ಮಲ್ಲಿ ಕೆಲವರು ಸೇರಿ ಒಂದು ಕೆಲಸವನ್ನು ಎರಡು ಸಲ ಮಾಡಿದರೆ ಅದಕ್ಕೊಂದು ಸಂಘ, ಸಂಘಕ್ಕೆ ನೋಂದಣಿ, ನೋಂದಣಿಗೆ ನಿಯಮಾವಳಿ ಹುಟ್ಟಿಕೊಳ್ಳುತ್ತದೆ. ಮೇಜಿನ ಸುತ್ತ ಕೂತು ಹಲಗೆಯಾಟ ಆಡುವುದಕ್ಕೂ ಅದಿಲ್ಲದೆ ಆಗದು. ಅಧ್ಯಕ್ಷೆ ಕ್ನೋಡ್ಲರ್ ಟೀಚರು. ಲೆಕ್ಕ ಕಲಿಸಿ ನಿವೃತ್ತರಾದವರು, ಅರ್ಧ ಊರು ಅವರ ಕೈಯಲ್ಲಿ ಫೇಲಾಗಿದೆ. ಕಾರ್ಯದರ್ಶಿ ನಾನು, ಕುನೋ. ಸದಸ್ಯರು ಭಾವ, ಬೇಕರಿಯ ಊಲಿ, ಭಾವನ ಮೇಲಿನ ಮನೆಯ ವಿಧವೆ ಹೇಫೆಲೆಯಮ್ಮ. ಸಂಘ ಹುಟ್ಟುವುದಕ್ಕೆ ಏಳು ಜನ ಬೇಕೆಂಬ ಕಾನೂನಿಗಾಗಿ ಸೇರಿಸಿಕೊಂಡ ಫಿಂಕ್ ದಂಪತಿಯೂ ಇದ್ದಾರೆ. ಅವರು ಬರುತ್ತಾರೆ, ಬಿಯರ್ ಕುಡಿಯುತ್ತಾರೆ, ನಿದ್ದೆ ಮಾಡುತ್ತಾರೆ. ಅಕ್ಕ ಮಾತ್ರ ಎಷ್ಟು ಕರೆದರೂ ಸೇರಲಿಲ್ಲ. ವಾರದಲ್ಲಿ ಗುರುವಾರ ಸಂಜೆಯೊಂದೇ ತಾನು ತನ್ನಿಷ್ಟದಂತೆ ಆಲೂಗಡ್ಡೆ ಹೆಚ್ಚುವುದು ಎಂದಳು.

ನಾವು ಆಡುವುದು ಒಬ್ಬರನ್ನೊಬ್ಬರು ಸೋಲಿಸುವ ಆಟವಲ್ಲ. ಅಂಥದ್ದು ಆಡಿ ಹೇಫೆಲೆಯಮ್ಮ ಊಲಿಯ ಬೇಕರಿಯಲ್ಲಿ ಒಂದು ವರ್ಷ ಬ್ರೆಡ್ಡು ಕೊಂಡಿರಲಿಲ್ಲ. ಅದಾದ ಮೇಲೆ ಎಲ್ಲರೂ ಒಟ್ಟಾಗಿ ಗೆಲ್ಲುವ ಅಥವಾ ಒಟ್ಟಾಗಿ ಸೋಲುವ ಆಟ ತಂದೆವು. ಸಮುದ್ರದಲ್ಲಿ ಬಿರುಗಾಳಿ, ಪ್ರತಿಯೊಬ್ಬರಿಗೂ ಒಂದು ಹಡಗು, ದೀಪಸ್ತಂಭದ ಎಣ್ಣೆ ಮುಗಿಯುವುದರೊಳಗೆ ಎಲ್ಲ ಹಡಗೂ ಬಂದರು ಸೇರಬೇಕು. ಒಂದು ಮುಳುಗಿದರೂ ಎಲ್ಲರೂ ಮುಳುಗಿದಂತೆ. ಯಾರ ಮೇಲೂ ಯಾರಿಗೂ ಸಿಟ್ಟು ಬರಲಾರದು ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಬರೆದವರು ನಮ್ಮ ಭಾವನನ್ನು ನೋಡಿರಲಿಲ್ಲ.

ಭಾವ ಎಲ್ಲರ ಹಡಗನ್ನೂ ತಾವೇ ನಡೆಸುತ್ತಿದ್ದರು. ‘ಎಡಕ್ಕೆ. ನಿಧಾನ. ಕನ್ನಡಿ ನೋಡು’ ಎಂದು ಹಡಗಿಗೂ ಹೇಳುತ್ತಿದ್ದರು. ಎಲ್ಲರೂ ಸಹಿಸಿಕೊಂಡೆವು, ಏಕೆಂದರೆ ಗೆಲ್ಲುತ್ತಿದ್ದೆವು. ಕೊನೆಗೆ ಒಂದು ಗುರುವಾರ ಊಲಿ ಬಚ್ಚಲಿಗೆ ಹೋಗಿ ಬರುವುದರೊಳಗೆ ಭಾವ ಅವನ ಹಡಗನ್ನೂ ಬಂದರಿಗೆ ಸೇರಿಸಿ ಆಟ ಮುಗಿಸಿ ಪೆಟ್ಟಿಗೆಗೆ ತುಂಬಿಟ್ಟಿದ್ದರು. ಊಲಿ ಕೈ ಒರೆಸಿಕೊಳ್ಳುತ್ತಾ ಬಂದು, ನಾನು ಗೆದ್ದೆನೋ ಇಲ್ಲವೋ ಎಂದು ಕೇಳಿದ. ಊಲಿ ಅತ್ತುಬಿಟ್ಟ.

ಕ್ನೋಡ್ಲರ್ ಟೀಚರು ಅಲ್ಲೇ ಹೊಸ ನಿಯಮ ತಂದರು: ಒಬ್ಬರ ನಡೆಯನ್ನು ಇನ್ನೊಬ್ಬರು ಹೇಳಿಕೊಡಬಾರದು, ಹೇಳಿಕೊಟ್ಟವರನ್ನು ಸಂಘದಿಂದ ತೆಗೆಯುವುದು. ಊಲಿ ರಜೆಯ ಮೇಲೆ ಬೆಟ್ಟಕ್ಕೆ ಹೋಗುವವನಿದ್ದರಿಂದ ಮುಂದಿನ ಆಟ ಮೂರು ವಾರದ ನಂತರವೆಂದು ಗೊತ್ತಾಯಿತು. ಭಾವ ನಕ್ಕರು. ಬಾಯಿ ಮುಚ್ಚಿಕೊಂಡಿರುವುದು ಒಂದು ದೊಡ್ಡ ವಿದ್ಯೆಯೇ, ಅದಕ್ಕೆ ಅಭ್ಯಾಸ ಬೇರೆ ಬೇಕೇ ಎಂದರು. ಮುಖ ಮಾತ್ರ ಬಿಳಿಚಿಕೊಂಡಿತ್ತು. ಗುರುವಾರದ ಮೇಜಿಲ್ಲದಿದ್ದರೆ ಭಾವನಿಗೆ ಪ್ರಪಂಚದಲ್ಲಿ ಬೇರೆ ಮೇಜಿಲ್ಲ. ಈಜುವವರ ಸಂಘ, ಹಾಡುವವರ ಸಂಘ, ಮೊಲ ಸಾಕುವವರ ಸಂಘ ಎಲ್ಲವೂ ಅವರನ್ನು ಈ ಮೊದಲೇ ಕೈಮುಗಿದು ಕಳಿಸಿಕೊಟ್ಟಿದ್ದವು.

ಮರುದಿನದಿಂದ ಭಾವ ಗುಟ್ಟಾಗಿ ಅಭ್ಯಾಸಕ್ಕೆ ಇಳಿದರು. ಅಭ್ಯಾಸ ಬೇಡವೆಂದು ಜಂಬ ಕೊಚ್ಚಿದ್ದರಿಂದ ಹೆಂಡತಿಗೂ ಹೇಳುವಂತಿಲ್ಲ. ಮೂರು ವಾರ ಯಾರಿಗೂ ಏನೂ ಹೇಳಿಕೊಡಬಾರದು, ಯಾರನ್ನೂ ತಿದ್ದಬಾರದು ಎಂದು ಶಪಥ ಮಾಡಿದರು. ತಿದ್ದುವುದನ್ನು ತೆಗೆದರೆ ಅವರ ಮಾತಿನಲ್ಲಿ ‘ಗುಟನ್ ಮಾರ್ಗನ್’ ಎಂಬ ಬೆಳಗಿನ ನಮಸ್ಕಾರ ಒಂದೇ ಉಳಿಯಿತು. ಅದನ್ನೂ ಬೆಳಗ್ಗೆ ಮಾತ್ರ ಬಳಸಬಹುದು.

ಮೊದಲ ಪೆಟ್ಟು ಬಿದ್ದದ್ದು ಹೇಫೆಲೆಯಮ್ಮನಿಗೆ. ಆ ವಾರ ಎರಡೂ ಮನೆಗೆ ಸೇರಿದ ಮೆಟ್ಟಿಲು ಗುಡಿಸುವ ಸರದಿ ಅವರದು. ಪ್ರತಿ ಸಲವೂ ಭಾವ ಶನಿವಾರ ಬಂದು ಕೈಪಿಡಿಯ ಮೇಲೆ ಬೆರಳೆಳೆದು, ಬೆರಳನ್ನು ಅವರ ಮೂಗಿನ ಬಳಿ ಹಿಡಿಯುವುದು ವಾಡಿಕೆ. ಈ ಸಲ ಭಾವ ಬಂದರು, ಮೆಟ್ಟಿಲು ನೋಡಿದರು, ಮೂಲೆಯಲ್ಲಿದ್ದ ಧೂಳನ್ನೂ ನೋಡಿದರು. ಬೆರಳನ್ನು ಜೇಬಿಗೆ ತುರುಕಿಕೊಂಡರು. ತಲೆಯಾಡಿಸಿ ಹೋದರು. ಹೇಫೆಲೆಯಮ್ಮ ಪೊರಕೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಸಿದು ಕೂತರು. ಅವರ ಗಂಡ ಸಾಯುವ ಮುಂಚಿನ ವಾರ ಇದೇ ರೀತಿ ತಲೆಯಾಡಿಸಿದ್ದನಂತೆ.

ಅವರು ನೇರ ಹೋದದ್ದು ಬೇಕರಿಗೆ. ಊಲಿ ಬೆಟ್ಟದಲ್ಲಿದ್ದ, ಅಂಗಡಿಯಲ್ಲಿ ಅವನ ತಾಯಿ ಇದ್ದಳು. ಎರ್ವಿನ್‌ಗೆ ಏನೋ ಆಗಿದೆ ಎಂದು ಇವರು ಹೇಳಿದಾಗ ಅದು ಬರೀ ಅನುಮಾನ. ಬಿಸಿ ಬನ್ನು ಹೊರಬರುವ ಹೊತ್ತಿಗೆ ಅದಕ್ಕೊಂದು ರೋಗ ಸಿಕ್ಕಿತ್ತು. ಮಧ್ಯಾಹ್ನ ಅಂಗಡಿ ಮುಚ್ಚುವಾಗ ಡಾಕ್ಟರು ಕೈಚೆಲ್ಲಿಯೂ ಆಗಿತ್ತು.

ಇಷ್ಟರಲ್ಲಿ ಭಾವನ ಬಳಿ ಕಾರು ಕಲಿಯುತ್ತಿದ್ದ ನರ್ಸಮ್ಮ ಒಬ್ಬಳು ಇನ್ನೊಂದು ಸುದ್ದಿ ತಂದಳು. ನಮ್ಮಲ್ಲಿ ಕಾರು ಕಲಿಸುವವರು ಮೊದಲ ದಿನವೇ ಒಂದು ಮಾತು ಹೇಳುತ್ತಾರೆ: ನಾನೇನೂ ಹೇಳದಿದ್ದರೆ ನೇರ ಹೋಗುತ್ತಿರು. ಭಾವ ಏನೂ ಹೇಳಲಿಲ್ಲ. ಅವಳು ನೇರ ಹೋದಳು. ಊರು ಮುಗಿಯಿತು, ಕಾಡು ಮುಗಿಯಿತು, ಜಿಲ್ಲೆಯೂ ಮುಗಿಯಿತು. ಕೊನೆಗೆ ಸಿಮೆಂಟ್ ಕಾರ್ಖಾನೆಯೊಂದರ ಗೇಟಿಗೆ ಮೂತಿ ತಾಗಿಸಿ ಕಾರು ನಿಂತಿತು. ಭಾವ ಕಿಟಕಿಯಾಚೆ ನೋಡುತ್ತಾ ಕೂತಿದ್ದರಂತೆ, ಕಣ್ಣಲ್ಲಿ ನೀರಿತ್ತಂತೆ. ಪ್ರಪಂಚಕ್ಕೆ ವಿದಾಯ ಹೇಳುತ್ತಿದ್ದಾರೆ ಪಾಪ ಎಂದು ನರ್ಸಮ್ಮನೂ ಅತ್ತು, ಸಿಮೆಂಟಿನವರಿಂದ ದಾರಿ ಕೇಳಿಕೊಂಡು ವಾಪಸ್ಸು ಬಂದಳಂತೆ. ನರ್ಸೇ ಹೇಳಿದ ಮೇಲೆ ಇನ್ನು ಯಾವ ಪರೀಕ್ಷೆ ಬೇಕು?

ನಗರಸಭೆಯವರಿಗೂ ಆತಂಕ ಹತ್ತಿತು. ಬಸ್ ನಿಲ್ದಾಣದ ಬೆಂಚು ಓರೆಯಾಗಿದೆ, ಗಡಿಯಾರ ಹಿಂದಿದೆ, ಮೇಯರು ಪಾದಚಾರಿಗಳ ಪಟ್ಟೆ ಬಿಟ್ಟು ದಾಟಿದರು ಎಂದು ಭಾವ ಸೋಮವಾರ ತಪ್ಪದೆ ದೂರು ಹೇಳುತ್ತಿದ್ದರು. ಎರಡು ಸೋಮವಾರ ಫೋನು ಬರಲಿಲ್ಲ. ದೂರು ಕೇಳುವ ಗುಮಾಸ್ತ ತಾನೇ ಫೋನು ಮಾಡಿ, ನಮ್ಮಿಂದೇನಾದರೂ ತಪ್ಪಾಯಿತೇ ಎಂದು ಕೇಳಿದ. ಭಾವ ಇಲ್ಲವೆಂದರು. ಗುಮಾಸ್ತ ಫೋನಿಟ್ಟು ಹಣ್ಣಿನ ಬುಟ್ಟಿಯೊಂದನ್ನು ಕಳಿಸಿದ.

ಪಾದ್ರಿ ಬಂದು ಒಂದು ಗಂಟೆ ಕೂತರು. ಮನುಷ್ಯ ಎಲ್ಲರೊಂದಿಗೂ ಸಮಾಧಾನ ಮಾಡಿಕೊಳ್ಳಬೇಕು, ಚುಕ್ಕಾಣಿಯನ್ನು ಬೇರೆಯವರ ಕೈಗೆ ಕೊಡುವ ಕಾಲವೊಂದು ಬರುತ್ತದೆ ಎಂದರು. ಇವರಿಗೂ ಗುರುವಾರದ ವಿಷಯ ತಿಳಿದುಬಿಟ್ಟಿದೆ ಎಂದುಕೊಂಡ ಭಾವ ತಲೆ ತಗ್ಗಿಸಿದರು. ಇಷ್ಟು ಶಾಂತವಾಗಿ ಸಾವನ್ನು ಎದುರು ನೋಡುವವರನ್ನು ತಾನು ಕಂಡಿಲ್ಲವೆಂದು ಪಾದ್ರಿ ಭಾನುವಾರ ಹೆಸರು ಹೇಳದೆ ಪ್ರವಚನವನ್ನೂ ಮಾಡಿದರು. ಹೆಸರು ಎಲ್ಲರಿಗೂ ತಿಳಿಯಿತು, ಅಕ್ಕನೊಬ್ಬಳನ್ನು ಬಿಟ್ಟು.

ಅಕ್ಕನಿಗೆ ಆಗ ಜೀವನದಲ್ಲೇ ಕಾಣದ ಸುಖ. ಆಲೂಗಡ್ಡೆ ಸಲಾಡಿನ ಮೇಲೆ ಸುರಿಯುವ ಸಾರು ಕಮ್ಮಿ ಎಂಬ ಮಾತಿಲ್ಲ, ಈರುಳ್ಳಿ ದಪ್ಪ ಎಂಬ ಮಾತಿಲ್ಲ. ಗಂಡ ಬೈಯದೆ ತಿಂದನೆಂದರೆ ಮೆಚ್ಚಿದನೆಂದೇ ಅರ್ಥ. ಇಷ್ಟು ವರ್ಷಕ್ಕೆ ಹದ ಕೂಡಿಬಂತೆಂದು ಅವಳು ದಿನವೂ ಅದೇ ಸಲಾಡು ಮಾಡಿದಳು. ಭಾವ ದಿನವೂ ನುಂಗಿದರು. ಪೇಟೆಯಲ್ಲಿ ಹೆಂಗಸರು ಸುಮ್ಮನೆ ಬಂದು ಅವಳ ಕೈ ಹಿಡಿದು ಒತ್ತುತ್ತಿದ್ದರು, ‘ನೀನು ಗಟ್ಟಿಗಿತ್ತಿ ಕಣೆ’ ಎನ್ನುತ್ತಿದ್ದರು. ಇಂಥ ಗಂಡನ ಜೊತೆ ಬಾಳುವೆ ಮಾಡಿದ್ದಕ್ಕೆ ಊರು ಕಡೆಗೂ ಕಣ್ಣು ತೆರೆಯಿತು ಎಂದು ಅವಳು ತಿಳಿದಳು.

ನಾನು ಅಕ್ಕನನ್ನು ನೇರ ಕೇಳಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ಕಡೆ ಸಾವಿನ ಮನೆಯವರನ್ನು ಕೇಳುವುದು ಅಸಭ್ಯ. ಉಳಿದವರನ್ನೆಲ್ಲ ಕೇಳುವುದು ಸಭ್ಯ. ನಾನು ಸಭ್ಯ ಮನುಷ್ಯ. ಮನೆಯಲ್ಲಿ ಕೂತು ಒಬ್ಬನೇ ಅತ್ತೆ. ನನ್ನ ಮದುವೆಯ ‘ಈಗ, ಈಗ’ ನೆನಪಾಗಿ ಇನ್ನೂ ಸ್ವಲ್ಪ ಅತ್ತೆ.

ಊಲಿ ರಜೆ ಮುಗಿಸಿ ಬಂದ ದಿನ ಸಂಘದವರೆಲ್ಲ ಭಾವನಿಗೆ ತಿಳಿಯದಂತೆ ಬೇಕರಿಯ ಹಿಂದೆ ಸೇರಿದೆವು. ನಿಯಮ ರದ್ದು ಮಾಡಿ ಎಂದು ಊಲಿ ಗೋಗರೆದ. ಸರ್ವಸದಸ್ಯರ ಸಭೆಯಿಲ್ಲದೆ ನಿಯಮ ರದ್ದಾಗದು ಎಂದರು ಟೀಚರು. ಆದರೆ ತಮಗೆ ಈಚೆಗೆ ಎಡಗಿವಿ ಮಂದವಾಗಿದೆ, ಎರ್ವಿನ್ ಆ ಕಡೆ ಕೂತು ಹೇಳಿಕೊಟ್ಟದ್ದು ಕೇಳಿಸದಿರಬಹುದು ಎಂದೂ ಹೇಳಿದರು. ಲೆಕ್ಕದ ಟೀಚರು ಬಾಯಿಬಿಟ್ಟು ಸುಳ್ಳು ಹೇಳಿದ್ದು ಅದೇ ಮೊದಲು. ಕೊನೆಯ ಸಲ ಎರ್ವಿನ್ ಮನಸಾರೆ ಎಲ್ಲರ ಹಡಗನ್ನೂ ನಡೆಸಲಿ, ನಾವು ಬೈಸಿಕೊಳ್ಳೋಣ ಎಂದು ನಿಶ್ಚಯವಾಯಿತು.

ಗುರುವಾರ ಸಂಜೆ ‘ಹಸಿರು ಮರ’ ಹೋಟೆಲಿನ ಹಿಂದಿನ ಕೋಣೆಯಲ್ಲಿ ಹಲಗೆ ಬಿಡಿಸಿದೆವು. ಭಾವ ಬಂದರು. ಮೂರು ವಾರದ ಸಲಾಡಿನಿಂದ ಸೊರಗಿಯೂ ಇದ್ದರು. ಅವರನ್ನು ಟೀಚರ ಎಡಗಿವಿಯ ಕಡೆ ಕೂರಿಸಿದೆವು, ಬೆನ್ನಿಗೆ ದಿಂಬು ಕೊಟ್ಟೆವು. ಭಾವ ದಿಂಬನ್ನೂ ನಮ್ಮನ್ನೂ ಅನುಮಾನದಿಂದ ನೋಡಿದರು.

ಮೊದಲ ಸರದಿ ಊಲಿಯದು. ಅವನು ಹಡಗು ಮುಟ್ಟಲಿಲ್ಲ. ಮಣಿಕಟ್ಟನ್ನೇ ಭಾವನ ಮುಂದೆ ಚಾಚಿದ.

“ಹಿಡ್ಕೊಳಪ್ಪ ಎರ್ವಿನ್. ಎಲ್ಲಿಗೆ ಬೇಕೋ ಅಲ್ಲಿಗೆ ಕರ್ಕೊಂಡ್ಹೋಗು.”

ಭಾವ ಎರಡೂ ಕೈಯನ್ನು ತೊಡೆಯಡಿ ಇಟ್ಟುಕೊಂಡು ಅದರ ಮೇಲೆ ಕೂತರು. ಇದು ತನ್ನನ್ನು ಬೀಳಿಸಲು ತೋಡಿದ ಗುಂಡಿ ಎಂದು ಅವರಿಗೆ ಖಾತ್ರಿಯಾಗಿತ್ತು. ಹೇಫೆಲೆಯಮ್ಮ ಬಲಕ್ಕೆ ಹೋಗಲೇ ಎಡಕ್ಕೆ ಹೋಗಲೇ ಎಂದು ಕೇಳಿದರು. ಭಾವ ಚಾವಣಿ ನೋಡಿದರು. ಭಾವ, ನಿಮ್ಮ ಮಾತಿಲ್ಲದೆ ನನ್ನ ಕೈ ಓಡುವುದಿಲ್ಲ ಎಂದೆ ನಾನು. ಅವರು ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದರು. ಮಾತೂ ನಿಂತುಹೋಗಿದೆ ಎಂದು ಹೇಫೆಲೆಯಮ್ಮ ನನ್ನ ಕಿವಿಯಲ್ಲಿ ಹೇಳಿದರು.

ಆಗ ಊಲಿಗೆ ಒಂದು ಉಪಾಯ ಹೊಳೆಯಿತು. ತಪ್ಪು ಕಂಡರೆ ಭಾವನ ಬಾಯಿ ತಾನೇ ತೆರೆಯುತ್ತದೆ. ಅವನು ಹಡಗನ್ನು ಬಂದರಿನಿಂದ ಹೊರಗೆ ತಿರುಗಿಸಿ ಬಿರುಗಾಳಿಯ ಬಾಯಿಗೆ ಬಿಟ್ಟ. ಭಾವನ ಕಿವಿ ಕೆಂಪಾಯಿತು. ಹೇಫೆಲೆಯಮ್ಮ ಎಣ್ಣೆಯ ಪೀಪಾಯಿಯನ್ನು ಸಮುದ್ರಕ್ಕೆ ಸುರಿದರು. ಕುತ್ತಿಗೆ ಕೆಂಪಾಯಿತು. ನಾನು ಕಣ್ಣೆದುರಿನ ಬಂಡೆಗೆ ಹಡಗನ್ನು ಗುದ್ದಿಸಿ, ಹಿಂದೆ ತೆಗೆದು, ಮತ್ತೊಮ್ಮೆ ಗುದ್ದಿಸಿದೆ. ಭಾವನ ಬಲಗಾಲು ಮೇಜಿನಡಿ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ನೆಲವನ್ನು ಕುಟ್ಟುತ್ತಿತ್ತು. ನೋವು ತಡೆಯಲಾಗುತ್ತಿಲ್ಲ ಪಾಪ ಎಂದು ನಾವು ಕಣ್ಣೊರೆಸಿಕೊಂಡೆವು.

ಕೊನೆಗೆ ಕ್ನೋಡ್ಲರ್ ಟೀಚರು ಕೈ ಚಾಚಿದರು. ಹುಟ್ಟಿದಂದಿನಿಂದ ಒಂದು ತಪ್ಪು ಲೆಕ್ಕ ಮಾಡದವರು, ಎಲ್ಲ ಹಡಗೂ ಕತ್ತಲಲ್ಲಿರುವಾಗ, ದೀಪಸ್ತಂಭದ ದೀಪವನ್ನು ತಾವಾಗಿ ಆರಿಸಿದರು.

ಭಾವ ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು.

“ನಿಮಗೆಲ್ಲ ತಲೆ ನೆಟ್ಟಗಿದೆಯೇನ್ರೀ? ದೀಪ ಆರಿಸ್ತಾರಾ ಯಾರಾದ್ರೂ? ಊಲಿ, ನಿನ್ ಹಡಗನ್ನ ತಿರುಗಿಸು, ಎಡಕ್ಕೆ, ಎಡಕ್ಕೆ ಕಣೋ, ಬ್ರೆಡ್ ಹಿಡಿಯೋ ಕೈಯಲ್ಲ. ಕುನೋ, ಬಂಡೆ ಅಲ್ಲೇ ಇದೆ, ಮೊದಲ ಸಲ ಗುದ್ದಿದಾಗ ಕಾಣ್ಲಿಲ್ವಾ ನಿಂಗೆ? ಹೇಫೆಲೆಯಮ್ಮ, ಎಣ್ಣೆ ಚೆಲ್ಲೋದಕ್ಕೆ ಸಮುದ್ರವೇ ಬೇಕಿತ್ತಾ, ನಿಮ್ ಮೆಟ್ಟಿಲ ಮೂಲೇಲಿ ಧೂಳಿದೆಯಲ್ಲ, ಅಲ್ಲಿಗೆ ಚೆಲ್ಲಿ!”

ಹೇಫೆಲೆಯಮ್ಮ ಎರಡೂ ಕೈಯನ್ನು ಎದೆಗೆ ಒತ್ತಿಕೊಂಡರು. ‘ನನ್ನನ್ನು ಬೈದರು, ಧೂಳನ್ನು ನೋಡಿಯೇ ಇದ್ದರು’ ಎಂದು ಎಲ್ಲರಿಗೂ ಹೇಳಿದರು. ಊಲಿ ಭಾವನನ್ನು ತಬ್ಬಿಕೊಂಡು ಮುತ್ತಿಟ್ಟ. ಫಿಂಕ್ ದಂಪತಿಗೂ ಎಚ್ಚರವಾಯಿತು. ತಾನು ಸಂಘದಿಂದ ಹೊರಬಿದ್ದೆನೆಂದು ಎದೆಯೊಡೆದು ನಿಂತಿದ್ದ ಭಾವನಿಗೆ, ಇವರು ಅದಕ್ಕೆ ಇಷ್ಟು ಸಂಭ್ರಮಪಡುತ್ತಿದ್ದಾರಲ್ಲ ಎಂದು ಕಣ್ಣು ತುಂಬಿತು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅಕ್ಕ ಬಂದಳು. ‘ಆ ದಿನ’ ಹಾಡುವುದಕ್ಕೆ ಎರ್ವಿನ್‌ಗೆ ಯಾವ ಕೀರ್ತನೆ ಇಷ್ಟವೆಂದು ಪಾದ್ರಿ ಈಗಷ್ಟೇ ಫೋನು ಮಾಡಿ ಕೇಳಿದ್ದರಂತೆ. ಯಾವ ದಿನ ಎಂದು ಅವಳು ಕೇಳಿದ ಮೇಲೆ ಉಳಿದದ್ದೆಲ್ಲ ಹೊರಬಂದಿತ್ತು.

“ಇವರು ಸಾಯ್ತಾ ಇದ್ದಾರಂತೆ,” ಎಂದಳು ಅಕ್ಕ. “ಊರಿಗೆಲ್ಲ ಗೊತ್ತಂತೆ. ಹೆಂಡ್ತಿಗೆ ಒಂದ್ಮಾತು ಹೇಳೋಕೆ ಯಾರಿಗೂ ಬಾಯಿರ್ಲಿಲ್ಲ, ಅಲ್ವಾ?”

ಭಾವ ಬಿದ್ದ ಕುರ್ಚಿಯನ್ನು ಎತ್ತಿ ಅದರಲ್ಲಿ ಮೆಲ್ಲನೆ ಕೂತರು.

“ಯಾವ ಡಾಕ್ಟ್ರು ಹೇಳಿದ್ದು?” ಎಂದು ಸಣ್ಣ ದನಿಯಲ್ಲಿ ಕೇಳಿದರು. “ನಂಗೂ ಯಾರೂ ಹೇಳ್ಲಿಲ್ವಲ್ಲ.”

ಡಾಕ್ಟರು ಯಾರೂ ಇಲ್ಲವೆಂದು ತಿಳಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ನರ್ಸಮ್ಮನಿಂದ ಬೇಕರಿಗೆ, ಬೇಕರಿಯಿಂದ ಮೆಟ್ಟಿಲಿಗೆ ಹಿಂದಕ್ಕೆ ಹೋಗಿ, ಕೊನೆಗೆ ಭಾವನೇ ತಮ್ಮ ಮೂರು ವಾರದ ಶಪಥವನ್ನು ಒಪ್ಪಿಕೊಳ್ಳಬೇಕಾಯಿತು. ‘ಹಾಗಾದರೆ ಸಲಾಡು?’ ಎಂದು ಅಕ್ಕ ಕೇಳಿದಳು. ಸಾರು ಕಮ್ಮಿ, ಈರುಳ್ಳಿ ದಪ್ಪ ಎಂದರು ಭಾವ. ಅಕ್ಕ ಗಂಡ ಬದುಕಿದ್ದಾನೆಂದು ಅತ್ತಳೋ ಸಲಾಡಿಗಾಗಿ ಅತ್ತಳೋ ನನಗೆ ತಿಳಿಯದು.

ಕ್ನೋಡ್ಲರ್ ಟೀಚರು ಕನ್ನಡಕ ಒರೆಸಿ ಹಾಕಿಕೊಂಡರು.

“ಅಂದ್ರೆ ನೀವು ಆರೋಗ್ಯವಾಗಿದ್ದೀರಿ.”

“ಹೌದು ಟೀಚರೆ.”

“ಹಾಗಾದ್ರೆ ಈಗ ಹೇಳಿಕೊಟ್ರಿ. ನಾಲ್ಕು ಜನಕ್ಕೆ. ನನ್ನ ಎಡಗಿವಿಯೂ ಸರಿಯಾಗಿದೆ.”

ನಿಯಮ ನಿಯಮವೇ, ಸಾಯುವವನಿಗೆ ಸಿಕ್ಕ ರಿಯಾಯಿತಿ ಬದುಕಿದವನಿಗೆ ಸಿಗುವುದಿಲ್ಲ. ಎರ್ವಿನ್ ನೇಗೆಲೆಯವರನ್ನು ತೆಗೆಯಲು ಒಪ್ಪುವವರು ಕೈ ಎತ್ತಿ ಎಂದರು ಟೀಚರು. ಯಾರೂ ಎತ್ತಲಿಲ್ಲ. ಊಲಿಯ ಕೈ ಕಿವಿಯವರೆಗೆ ಬಂದು ಕಿವಿ ಕೆರೆದು ವಾಪಸ್ಸು ಹೋಯಿತು. ಭಾವ ಒಂದು ನಿಮಿಷ ಸಹಿಸಿಕೊಂಡರು.

“ಹೀಗಲ್ಲ,” ಎಂದರು ಆಮೇಲೆ. “ಮೊದ್ಲು ನಿಯಮ ಓದ್ಬೇಕು. ಕುನೋ, ಓದು. ಜೋರಾಗಿ. ಈಗ ಕೈ. ಊಲಿ, ಪೂರ್ತಿ ಎತ್ತು, ಅರ್ಧ ಕೈ ಎಣಿಕೆಗಿಲ್ಲ. ಹೇಫೆಲೆಯಮ್ಮ, ಬಲಗೈ. ಫಿಂಕ್ ಅವರನ್ನ ಯಾರಾದ್ರೂ ತಟ್ಟಿ. ಟೀಚರೆ, ನೀವು ಎಣಿಸೋವಾಗ ಬಾಗಿಲ ಕಡೆಯಿಂದ ಶುರು ಮಾಡಿ. ಹಾಂ. ಹಾಗೆ.”

ಅಭ್ಯಾಸಬಲ. ಅವರು ಹೇಳಿದರು, ನಾವು ಮಾಡಿದೆವು. ಎಲ್ಲ ಕೈಗಳೂ ನೆಟ್ಟಗೆ ಮೇಲೆದ್ದಿದ್ದವು. ಸಂಘ ಹುಟ್ಟಿದ ಮೇಲೆ ಒಬ್ಬರೂ ಒಂದೂ ತಪ್ಪು ನಡೆ ಇಡದೆ ಎಲ್ಲರೂ ಒಟ್ಟಾಗಿ ಮುಗಿಸಿದ ಆಟ ಅದೊಂದೇ. ಸರ್ವಾನುಮತದಿಂದ ಭಾವ ಹೊರಬಿದ್ದರು.

ಅವರು ಕೋಟು ತೊಟ್ಟು ಬಾಗಿಲವರೆಗೆ ಹೋದರು. ಮುಂದಿನ ವಿಷಯ ಏನು ಎಂದು ಟೀಚರು ನನ್ನ ಕಡೆ ನೋಡಿದರು. ನಾನು ಊಲಿಯ ಕಡೆ ನೋಡಿದೆ. ಊಲಿ ಬಾಗಿಲ ಕಡೆ ನೋಡಿದ.

“ಹೊಸ ಸದಸ್ಯರ ಸೇರ್ಪಡೆ,” ಎಂದರು ಭಾವ, ಗೋಡೆಯ ಕಡೆ ಮುಖ ಮಾಡಿಕೊಂಡೇ. “ಕೊನೇಲಿ ಅದನ್ನ ಕೇಳ್ಬೇಕು.”

ಯಾರಾದರೂ ಸೇರುವವರಿದ್ದೀರಾ ಎಂದು ಟೀಚರು ಕೇಳಿದರು. ಭಾವ ಬಲಗೈ ಎತ್ತಿದರು, ಪೂರ್ತಿ. ಇವರನ್ನು ಸೇರಿಸಿಕೊಳ್ಳಲು ಒಪ್ಪುವವರು ಎಂದು ಟೀಚರು ಕೇಳಿದಾಗ ಭಾವ ನಮ್ಮ ಕಡೆ ತಿರುಗಿ ಬಾಯಿ ತೆರೆದರು. ತೆರೆದ ಬಾಯನ್ನು ಹಾಗೇ ಮುಚ್ಚಿದರು.

ಈ ಸಲ ನಮಗೆ ಯಾರೂ ಹೇಳಿಕೊಡಲಿಲ್ಲ. ಸ್ವಲ್ಪ ಹೊತ್ತು ಯಾವ ಕೈಯೂ ಏಳಲಿಲ್ಲ. ನಮಗೆ ನಾವೇ ಕೈ ಎತ್ತಿ ಗೊತ್ತಿರಲಿಲ್ಲ. ನನಗೆ ಭಯವಾಯಿತು. ಆಮೇಲೆ ಊಲಿಯ ಕೈ ಮೇಲೆದ್ದಿತು, ಮೊದಲನೆಯದು ಊಲಿಯದೇ. ಅದರ ಹಿಂದೆ ಹೇಫೆಲೆಯಮ್ಮನದು, ನನ್ನದು, ಫಿಂಕ್ ದಂಪತಿಯದು. ಕೊನೆಗೆ ಟೀಚರದೂ ಎದ್ದಿತು. ಗೋಡೆಯ ಪಕ್ಕದಲ್ಲಿ ಅಕ್ಕ ಎರಡೂ ಕೈ ಎತ್ತಿ ನಿಂತಿದ್ದಳು. ಸದಸ್ಯರಲ್ಲದವರ ಕೈಯನ್ನು ಲೆಕ್ಕಕ್ಕೆ ಹಿಡಿಯಲಾಗುವುದಿಲ್ಲ ಎಂದು ಟೀಚರು ಹೇಳಿದರು.

“ಕೈ ಹಿಡೀಬೇಡಿ ಬಿಡಿ ಟೀಚರೆ,” ಎಂದಳು ಅಕ್ಕ. “ಗುರುವಾರ ಸಂಜೆ ಇವರನ್ನ ಇಲ್ಲೇ ಹಿಡ್ಕೊಂಡ್ರೆ ಸಾಕು.”